ದೊಡ್ಡ ಫ್ರೀಡೈವರ್‌ಗಳಿಗೆ ನಮ್ಮ ಹುಡುಗರ ಹೊಣೆ ಇದೆಯಾ?

ಕುಡ್ಲದ_ಕಡಲು:
ಅಕ್ಕನ ಮಗನಿಗೆ 17 ವರ್ಷ, ಚೆನ್ನಾಗಿ ಈಜುತ್ತಾನೆ. ಮೊನ್ನೆ ನೋಡಿದರೆ ಈಜುಕೊಳದ ತಳದಲ್ಲಿ ಒಬ್ಬನೇ ಉಸಿರು ಕಟ್ಟಿ ಕೂತಿದ್ದಾನೆ, ಅದಕ್ಕೂ ಮೊದಲು ಹತ್ತಿಪ್ಪತ್ತು ಸಲ ಜೋರಾಗಿ ಉಸಿರು ಎಳೆದು ಬಿಟ್ಟಿದ್ದನಂತೆ. ಏನೋ ಈ ಹುಚ್ಚು ಅಂತ ಕೇಳಿದೆ. ಗೀಯೋಮ್ ನೆರಿ ಅಂತ ಫ್ರಾನ್ಸಿನ ಫ್ರೀಡೈವರ್, ಅಂದರೆ ಸಿಲಿಂಡರ್ ಇಲ್ಲದೆ ಒಂದೇ ಉಸಿರಲ್ಲಿ ಆಳಕ್ಕೆ ಮುಳುಗುವವನು, ಅವನ 2010ರ ವಿಡಿಯೋ ತೋರಿಸಿದ. ಬಹಾಮಾಸ್‌ನ ಡೀನ್ಸ್ ಬ್ಲೂ ಹೋಲ್ ಅನ್ನೋ ಸಮುದ್ರದೊಳಗಿನ ಆಳದ ಗುಂಡಿಯ ಅಂಚಿನಿಂದ ಕತ್ತಲಿಗೆ ಹಾರುತ್ತಾನಲ್ಲ, ಅದೇ. ನೋಡಿದರೆ ನನಗೇ ಹಾರುವ ಆಸೆ ಆಯಿತು! ಇಂಥವರು ಸ್ವಲ್ಪ ಜವಾಬ್ದಾರಿ ತೋರಿಸಬೇಕಲ್ವಾ?

ಗಟ್ಟಿಮಾತು:
ಇದು ಅತಿಯಾಯಿತು. ಬೈಕ್ ರೇಸ್ ನೋಡಿ ಹುಡುಗರು ರಸ್ತೆಯಲ್ಲಿ ವೀಲಿಂಗ್ ಮಾಡಿದರೆ ರೇಸರ್ ಮೇಲೆ ಕೇಸ್ ಹಾಕ್ತೀರಾ? ಮನೆಯವರು ನೋಡಿಕೊಳ್ಳಬೇಕು.

ದುಬೈ_ಮೀನು:
ವೀಲಿಂಗ್ ಹೋಲಿಕೆ ಇಲ್ಲಿ ಕೂಡಲ್ಲ. ರೇಸರ್‌ನ ಹೆಲ್ಮೆಟ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಫ್ರೀಡೈವಿಂಗ್‌ನಲ್ಲಿ ಹೆಲ್ಮೆಟ್ ಅಂದರೆ ಪಕ್ಕದಲ್ಲಿರುವ ಇನ್ನೊಬ್ಬ ಮನುಷ್ಯ, ವಿಡಿಯೋದಲ್ಲಿ ಅವನನ್ನೇ ಕತ್ತರಿಸಿರುತ್ತಾರೆ. ನೆರಿಯ ಆ ವಿಡಿಯೋ ಒಂದೇ ಮುಳುಗು ಅಲ್ಲ, ಹಲವು ಮುಳುಗು ಸೇರಿಸಿ ಮಾಡಿದ್ದು. ಕ್ಯಾಮೆರಾ ಹಿಡಿದ ಜೂಲಿ ಗೋತಿಯೆ ಕೂಡ ಉಸಿರು ಕಟ್ಟಿಯೇ ಕೆಳಗಿದ್ದರು. ಹಾಗಾದರೆ ಅವನು ಒಬ್ಬನೇ ಎಲ್ಲಿದ್ದ ಹೇಳಿ?

ನಾನು ಇಲ್ಲಿ ದುಬೈನಲ್ಲಿ ಫ್ರೀಡೈವಿಂಗ್ ಕೋರ್ಸ್ ಮಾಡಿದಾಗ ಮೊದಲ ದಿನವೇ ಹೇಳಿದ್ದು, ಹಾಗೆ ಜೋರು ಉಸಿರಾಡಬೇಡಿ ಅಂತ. ಅದರಿಂದ ಆಮ್ಲಜನಕ ಅಷ್ಟೇನೂ ಏರಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ಇಳಿಯುತ್ತದೆ. ಉಸಿರು ಬೇಕು ಅಂತ ಒದ್ದಾಡಿಸುವುದು ಅದೇ ತಾನೇ, ಹಾಗಾಗಿ ಎಚ್ಚರಿಕೆಯೇ ಇಲ್ಲದೆ ಪ್ರಜ್ಞೆ ಹೋಗುತ್ತದೆ. ಹುಡುಗನಿಗೆ ಇದನ್ನು ಇವತ್ತೇ ಹೇಳಿ.

ನೀಲಿಹಗ್ಗ:
ಜೊತೆಗೆ ಜನ ಇದ್ದರೆ ಸಾಕು ಅಂತಲೂ ಅಲ್ಲ. 2013ರ ನವೆಂಬರ್‌ನಲ್ಲಿ ಅಮೆರಿಕದ ಫ್ರೀಡೈವರ್ ನಿಕೋಲಸ್ ಮೆವೊಲಿ ಅದೇ ಡೀನ್ಸ್ ಬ್ಲೂ ಹೋಲ್‌ನಲ್ಲಿ, ಸ್ಪರ್ಧೆಯ ಮಧ್ಯೆ, ಸುತ್ತ ಸೇಫ್ಟಿ ಡೈವರ್‌ಗಳಿದ್ದಾಗಲೇ ತೀರಿಕೊಂಡ. 72 ಮೀಟರ್ ಗುರಿ. 68ರ ಹತ್ತಿರ ತಿರುಗಿದವನು ಮನಸ್ಸು ಬದಲಿಸಿ ಮತ್ತೆ ಕೆಳಗಿಳಿದ. ಆ ನಾಲ್ಕು ಮೀಟರ್ ನೆನೆದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ. ರಷ್ಯಾದ ನತಾಲಿಯಾ ಮೊಲ್ಚಾನೋವಾ ಫ್ರೀಡೈವಿಂಗ್‌ನಲ್ಲಿ 41 ವಿಶ್ವದಾಖಲೆ ಮಾಡಿದವರು, ಎಷ್ಟೋ ಜನಕ್ಕೆ ಗುರು. 2015ರ ಆಗಸ್ಟ್ 2ರಂದು ಸ್ಪೇನ್‌ನ ಫೊರ್ಮೆಂಟೆರಾ ಬಳಿ ಪಾಠ ಹೇಳಲು ಹೋಗಿದ್ದಾಗ ಸುಮ್ನೆ ತಮ್ಮ ಖುಷಿಗೆ ಮುಳುಗಿದರು. ಅವರ ಮಟ್ಟಿಗೆ ಅದೇನು ಆಳವೇ ಅಲ್ಲ. ದೇಹವೂ ಸಿಗಲಿಲ್ಲ.

ಹಾಗಾಗಿ ಚಾಂಪಿಯನ್‌ಗಳಿಂದ ನನಗೆ ಬೇಕಾದದ್ದು ಉಪದೇಶ ಅಲ್ಲ. ಅರ್ಧಕ್ಕೇ ತಿರುಗಿ ಬಂದ ದಿನದ ವಿಡಿಯೋವನ್ನೂ ಹಾಕಲಿ, ಅಷ್ಟೇ. ನೆರಿಯನ್ನು ಪೂರ್ತಿ ಬೈಯುವ ಹಾಗಿಲ್ಲ. 2015ರಲ್ಲಿ ಸೈಪ್ರಸ್‌ನಲ್ಲಿ ಆಳದ ಗುರುತಿಗೆ ಇಳಿಬಿಡುವ ಹಗ್ಗ ಅಳೆದವರ ತಪ್ಪಿನಿಂದ 129ರ ಬದಲು 139 ಮೀಟರ್ ಇಳಿದು, ಮೇಲೆ ಬರುವಾಗ ಪ್ರಜ್ಞೆ ತಪ್ಪಿ, ಬೇರೆಯವರು ಎತ್ತಿ ಉಳಿಸಿದ ಮೇಲೆ ಸ್ಪರ್ಧೆಯೇ ಸಾಕು ಅಂತ ಬಿಟ್ಟ.

ಗಟ್ಟಿಮಾತು:
ಸರಿ, ಹೆಲ್ಮೆಟ್ ಮಾತು ಒಪ್ಪಿದೆ. ಆದರೂ ತಿರುಗಿ ಬಂದ ವಿಡಿಯೋ ಯಾರು ನೋಡ್ತಾರೆ ಸ್ವಾಮಿ.

ಕುಡ್ಲದ_ಕಡಲು:
ವಿಡಿಯೋ ಇಲ್ಲದಿದ್ದರೂ ನಮ್ಮ ಹುಡುಗ ಕಿವಿಗೊಟ್ಟ. ಸೈಪ್ರಸ್ ಕಥೆ ಹೇಳಿದಾಗ ಹತ್ತು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ಕೇಳಿದ್ದು, "ಮಾವ, ಕೋರ್ಸ್‌ಗೆ ಎಷ್ಟಾಗುತ್ತೆ?" ಅಲ್ಲಿವರೆಗೆ ನಾನು ದಡದಲ್ಲಿ ಇಲ್ಲದೆ ನೀರಿಗೆ ಇಳಿಯುವ ಹಾಗಿಲ್ಲ ಅಂದಿದ್ದೇನೆ. ಅಕ್ಕನಿಗೆ ಇನ್ನೂ ಹೇಳಿಲ್ಲ ಮಾರಾಯ್ರೆ, ಅದೊಂದು ಬಾಕಿ ಇದೆ.