ಪದಚರ್ಚೆ: ತಳದಲ್ಲಿ ಕಚ್ಚಿಕೊಂಡ ಲಂಗರು – ಎತ್ತುವುದೋ, ಕೀಳುವುದೋ, ಬಿಡಿಸುವುದೋ?

ಸಾಗರದಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಎರಡು ಪದ ಬೇಕು. ಬೋರ್ಡ್ ಬರೆಯುವವರು ತಗಡಿಗೆ ಬಿಳಿ ಬಣ್ಣ ಬಳಿದು ಕಾಯುತ್ತಿದ್ದಾರೆ.

ನಾವು ಕೆಲವರು ಶರಾವತಿ ಹಿನ್ನೀರಿನ ದಡದಲ್ಲಿ ಮಕ್ಕಳಿಗೆ ದೋಣಿ ನಡೆಸುವುದನ್ನು ಹೇಳಿಕೊಡುತ್ತೇವೆ. ಲಿಂಗನಮಕ್ಕಿ ಕಟ್ಟೆ ಮುಗಿದದ್ದು 1964ರಲ್ಲಿ. ಆಗ ಮುಳುಗಿದ ಕಾಡಿನ ಬೊಡ್ಡೆಗಳು ಇವತ್ತಿಗೂ ನೀರಿನಡಿ ಹಾಗೇ ನಿಂತಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ನೋಡಿದವರಿಗೆ ಗೊತ್ತಿರುತ್ತದೆ. ಲಂಗರು ಇಳಿಸಿದರೆ ಅದು ಹೋಗಿ ಯಾವುದೋ ಬೇರಿಗೆ ಸಿಕ್ಕಿಕೊಳ್ಳುತ್ತದೆ. ಹೋದ ತಿಂಗಳು ಇಬ್ಬರು ಹುಡುಗರು ಲಂಗರು ಬರಲಿಲ್ಲವೆಂದು ಹಗ್ಗವನ್ನು ದೋಣಿಯ ಹಿಂಬದಿಗೆ ಕಟ್ಟಿ ಇಂಜಿನ್ ಜೋರು ಮಾಡಿದರು. ಹಿಂಬದಿ ತಗ್ಗಿ ನೀರು ಒಳಗೆ ನುಗ್ಗಿತು. ಜಾಕೆಟ್ ಹಾಕಿಕೊಂಡಿದ್ದರು, ಉಳಿದರು. ಅದಕ್ಕೇ ಈ ಬೋರ್ಡ್.

ತಲೆಬರಹಕ್ಕೆ ನಾನು ಬರೆದಿರುವುದು: "ಸಿಕ್ಕಿದ ಲಂಗರು ಎತ್ತುವ ಬಗೆ". ಓದಿದರೆ ಏನೋ ಸರಿಯಿಲ್ಲ ಅನ್ನಿಸುತ್ತಿದೆ. ಎರಡನೆಯದು, ಇಂಗ್ಲಿಷಿನವರು ಟ್ರಿಪ್ ಲೈನ್ ಅನ್ನುವುದಕ್ಕೆ ಏನು ಹೇಳಲಿ? ಲಂಗರಿನ ಕೆಳತುದಿಗೆ ಕಟ್ಟಿ, ಇನ್ನೊಂದು ತುದಿಯನ್ನು ನೀರಿನ ಮೇಲೆ ತೇಲಲು ಬಿಡುವ ಸಣ್ಣ ಹಗ್ಗ ಅದು. ದಯವಿಟ್ಟು ಬೇಗ ಹೇಳಿ.

ಮೈಸೂರಿನಿಂದ:

ಮೊದಲು ಲಂಗರು ತೆಗೆಯಿರಿ, ಆಮೇಲೆ ಉಳಿದದ್ದು. ಅದು ಪಾರಸಿಯ ಲಂಗರ್. ಕನ್ನಡದಲ್ಲಿ ನೆಲ ಇದೆ, ಕೊಕ್ಕೆ ಇದೆ. ಕೂಡಿಸಿದರೆ ನೆಲಗೊಕ್ಕೆ. ಆದೇಶ ಸಂಧಿ ಸಲೀಸಾಗಿ ಆಗುತ್ತದೆ, ಕಿವಿಗೂ ಹಿತ. ಕಲಿಯುವ ಮಕ್ಕಳ ಮುಂದೆ ಇಡುವ ಬೋರ್ಡಿನಲ್ಲಾದರೂ ನಮ್ಮ ಪದ ಇರಲಿ. ಸಣ್ಣ ವಯಸ್ಸಿನಲ್ಲಿ ಓದಿದ ಪದವೇ ಕೊನೆಯವರೆಗೂ ನಿಲ್ಲುವುದು.

ಗಂಗೊಳ್ಳಿಯಿಂದ:

ನೆಲಗೊಕ್ಕೆ ಅಂದರೆ ನಮ್ಮ ಬಂದರಿನಲ್ಲಿ ಒಬ್ಬರಿಗೂ ಅರ್ಥವಾಗುವುದಿಲ್ಲ. ನಮ್ಮ ಮನೆಯಲ್ಲಿ ಮೂರು ತಲೆಮಾರು ದೋಣಿಯಲ್ಲೇ ದುಡಿದವರು. ಲಂಗರು ಅಂತಲೇ ಹೇಳಿದ್ದು, ಕೇಳಿದ್ದು. ಚಿಕ್ಕ ದೋಣಿಗಾದರೆ ಕಲ್ಲನ್ನೇ ಕಟ್ಟಿ ಇಳಿಸುತ್ತಿದ್ದರು, ಅದಕ್ಕೆ ಸುಮ್ನೆ ಕಲ್ಲು ಅಂದರೆ ಸಾಕು.

ಸಾಗರದ ಮೇಡಂ, ನಿಮ್ಮ ಬೋರ್ಡಿನ ತಪ್ಪು ಲಂಗರಿನಲ್ಲಿಲ್ಲ, 'ಎತ್ತುವ'ದಲ್ಲಿದೆ. ಎತ್ತು ಅಂತ ಓದಿದವನು ಮೇಲಕ್ಕೆ ಜಗ್ಗುತ್ತಾನೆ. ನಿಮ್ಮ ಹುಡುಗರು ಮಾಡಿದ್ದೂ ಅದನ್ನೇ ಅಲ್ವಾ? ಲಂಗರಿಗೆ ದಿಂಡು ಇದೆ, ತುದಿಯಲ್ಲಿ ಕೊಕ್ಕೆಯಂಥ ಅಲಗು ಇದೆ. ಹಗ್ಗ ಉದ್ದ ಬಿಟ್ಟಷ್ಟೂ ಎಳೆತ ನೆಲದ ಮಟ್ಟಕ್ಕೆ ಬರುತ್ತದೆ, ಅಲಗು ಒಳಗೆ ನಾಟುತ್ತದೆ. ಅದಕ್ಕೇ 20 ಅಡಿ ನೀರಿಗೆ 100 ಅಡಿಗೆ ಕಡಿಮೆ ಇಲ್ಲದಂತೆ, ಗಾಳಿ ಇದ್ದರೆ 140 ಅಡಿವರೆಗೂ ಹಗ್ಗ ಬಿಡುವುದು. ಬಿಡಿಸುವಾಗ ಇದೆಲ್ಲ ತಿರುವುಮುರುವಾಗಬೇಕು. ಹಗ್ಗ ಒಳಗೆಳೆದುಕೊಳ್ಳುತ್ತಾ ದೋಣಿಯನ್ನು ಲಂಗರಿನ ನೇರ ಮೇಲಕ್ಕೆ ತರಬೇಕು. ಕೆಸರಾದರೆ ಅಷ್ಟಕ್ಕೇ ಬಿಟ್ಟುಕೊಡುತ್ತದೆ. ಬೇರಿಗೋ ಬಂಡೆಗೋ ಕಚ್ಚಿದ್ದರೆ ಅದನ್ನು ದಾಟಿ ಆಚೆ ಹೋಗಿ, ಅಲಗು ಹೊಕ್ಕ ದಿಕ್ಕಿಗೆ ಎದುರಾಗಿ ನಿಧಾನ ಎಳೆಯಬೇಕು. ಹೊಕ್ಕ ದಾರಿಯಲ್ಲೇ ಅದು ಹೊರಗೆ ಬರಬೇಕು. ನೀವು ಕೇಳಿದ ಸಣ್ಣ ಹಗ್ಗದ ಕೆಲಸವೂ ಅದೇ. ಅದು ಲಂಗರನ್ನು ಬುಡದ ಕಡೆಯಿಂದ ಹಿಂದಕ್ಕೆ ಎಳೆಯುತ್ತದೆ. ಇದರಲ್ಲಿ ಎತ್ತುವುದು ಎಲ್ಲಿದೆ? ಬಿಟ್ಟ ಮೇಲೆ ತಾನೇ ಎತ್ತುವುದು.

ಧಾರವಾಡದಿಂದ:

'ಸಿಕ್ಕಿದ ಲಂಗರು' ತಪ್ಪು. ಕಳೆದುಹೋಗಿ ಮತ್ತೆ ದೊರೆತ ಲಂಗರು ಎಂದಾಗುತ್ತದೆ. ಸಿಕ್ಕಿಕೊಂಡ ಅನ್ನಬೇಕು.

'ಬಿಡಿಸು' ಕೂಡ ಬೇಡ. ಲಂಗರು ಬಿಡು ಎಂದರೆ ನೀರಿಗೆ ಇಳಿಸು ಎಂದೇ ಬಳಕೆ. ಅದರ ಪ್ರೇರಣಾರ್ಥಕ ಬಿಡಿಸು. 'ಲಂಗರು ಬಿಡಿಸಿ' ಎಂದರೆ ಇನ್ನೊಬ್ಬನಿಂದ ಲಂಗರು ಇಳಿಸಿ ಎಂದಾಯಿತು. ಬೇಕಾದ್ದಕ್ಕೆ ನೇರ ಎದುರು. ಕೀಳು ಇದೆಯಲ್ಲ. ಗುಡಾರ ಕಿತ್ತರು, ಜಾಗ ಕಿತ್ತರು ಎನ್ನುತ್ತೇವೆ. ಲಂಗರು ಕೀಳಿ ಎನ್ನಿ. ಹಗ್ಗಕ್ಕೆ ಕೀಳುಹಗ್ಗ. ಮುಗಿಯಿತು.

ಮೈಸೂರಿನಿಂದ:

ಕೀಳುಹಗ್ಗ ಎಂದು ಬರೆದರೆ ಕಳಪೆ ಹಗ್ಗ ಎಂದು ಓದುತ್ತಾರೆ. ಇದು ಹೊಳೆಯಲಿಲ್ಲವೇ ಸರ್?

ಕಾರವಾರದಿಂದ:

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಕಡೆ ಕೊಂಕಣಿಯಲ್ಲಿ ಲಂಗರಿಗೆ ನಾಂಗರ ಎನ್ನುತ್ತಾರೆ. ನೇಗಿಲಿಗೂ ನಾಂಗರವೇ. ಮರಾಠಿಯಲ್ಲೂ ಹೀಗೇ. ನನಗೆ ಇದು ಚಿಕ್ಕಂದಿನಿಂದ ಬೆರಗು. ಅಜ್ಜ ಒಂದು ನಾಂಗರ ಗದ್ದೆಗೆ ಹೊರುತ್ತಿದ್ದರು, ಇನ್ನೊಂದು ದೋಣಿಗೆ. ಎರಡೂ ನೆಲವನ್ನು ಸೀಳುತ್ತವೆ, ಎರಡಕ್ಕೂ ಬಾಗಿದ ಮೊನೆ. ಸಂಸ್ಕೃತದಲ್ಲಿ ನೇಗಿಲಿಗೆ ಲಾಂಗಲ, ತಮಿಳಿನಲ್ಲಿ ನಾಂಜಿಲ್, ನಮ್ಮದು ನೇಗಿಲು. ಲಂಗರು ಇದೇ ಸಾಲಿನಲ್ಲಿ ನಿಲ್ಲುವುದಿಲ್ಲವೇ?

ಮೈಸೂರಿನಿಂದ:

ಇದನ್ನೇ ಕಾಯುತ್ತಿದ್ದೆ! ಹಾಗಾದರೆ ಲಂಗರು ಪಾರಸಿಯೇ ಅಲ್ಲ, ನಮ್ಮ ನೇಗಿಲಿನ ದಾಯಾದಿ. ಉತ್ತ ನೆಲದಿಂದ ನೀರಿಗೆ ಹೋದ ಪದ. ತಮಿಳು, ಮಲಯಾಳದವರು ನಂಗೂರಂ ಎನ್ನುವುದನ್ನೂ ಸೇರಿಸಿ ನೋಡಿ. ಮೊದಲ ಅಕ್ಷರ ನ. ನೇಗಿಲಿನ ನ. ಬೇಕಾದರೆ ನೀರನೇಗಿಲು ಅನ್ನೋಣ, ಎಷ್ಟು ಚೆನ್ನಾಗಿದೆ.

ಧಾರವಾಡದಿಂದ:

ಆಗದು. ದನಿ ಹೋಲಿದ ಮಾತ್ರಕ್ಕೆ ನೆಂಟಸ್ತಿಕೆ ಬರುವುದಿಲ್ಲ. ನೇಗಿಲಿನ ನಾಂಗರ ಲಾಂಗಲದಿಂದ ಬಂದದ್ದು. ಹಡಗಿನ ನಾಂಗರ ಲಂಗರ್‌ನಿಂದ. ಬೇರೆ ಬೇರೆ ಕಡೆಯಿಂದ ಬಂದ ಎರಡು ಪದ ಒಂದೇ ಉಚ್ಚಾರಕ್ಕೆ ಇಳಿದಿವೆ, ಅಷ್ಟೇ. ಪಾರಸಿಯಲ್ಲಿ ಲಂಗರ್ ಎಂದರೆ ಹಡಗಿನದೂ ಹೌದು, ಬಂದವರಿಗೆ ಊಟ ಹಾಕುವ ಜಾಗವೂ ಹೌದು. ಸಿಖ್ಖರ ಗುರುದ್ವಾರದ ಲಂಗರ್ ಇದೇ. ಅದನ್ನೂ ನೇಗಿಲಿಗೆ ಕಟ್ಟುತ್ತೀರಾ?

ಮತ್ತೆ, ನಿನ್ನೆ ಪಾರಸಿ ಎಂದು ಬೇಡವಾಗಿದ್ದ ಪದ ಇವತ್ತು ದಾಯಾದಿ ಆದದ್ದು ಹೇಗೆ?

ಮೈಸೂರಿನಿಂದ:

ನನ್ನ ನಿಲುವು ಬದಲಾಗಿಲ್ಲ. ನಮ್ಮದಾದರೆ ಇರಲಿ, ಅಲ್ಲದಿದ್ದರೆ ಹೋಗಲಿ. ನೀರಿನ ಕೆಲಸಕ್ಕೆ ಕನ್ನಡದಲ್ಲಿ ಪದ ಕಡಿಮೆಯೇ? ಹಡಗು, ಹಾಯಿ, ಹುಟ್ಟು, ಹರಿಗೋಲು, ತೆಪ್ಪ, ಹಗ್ಗ. ಎಲ್ಲಾ ಅಚ್ಚಗನ್ನಡ. ಇದೊಂದಕ್ಕೆ ಯಾಕೆ ಸಾಲ?

ಧಾರವಾಡದಿಂದ:

ಹಗ್ಗ ಅಚ್ಚಗನ್ನಡವಲ್ಲ. ಪ್ರಗ್ರಹ, ಪಗ್ಗ, ಹಗ್ಗ. ತದ್ಭವದ ಪಟ್ಟಿ ಬಿಚ್ಚಿ ನೋಡಿ.

ಗಂಗೊಳ್ಳಿಯಿಂದ:

ನಮ್ಮ ಕುಂದಾಪುರದ ಕಡೆ ಹಗ್ಗಕ್ಕೆ ಬಳ್ಳಿ ಅನ್ನುತ್ತಾರೆ. ಅದು ಬೇಕಾದರೆ ಇಟ್ಟುಕೊಳ್ಳಿ.

ಆದರೆ ಸಾಲದ ಮಾತಿಗೆ ಒಂದು ಹೇಳುತ್ತೇನೆ. ಬಂದರು ಪಾರಸಿ. ಚುಕ್ಕಾಣಿ ಅರಬ್ಬಿಯ ಸುಕ್ಕಾನ್. ಇವು ಪುಸ್ತಕದಿಂದ ಬಂದವಲ್ಲ. ಕರಾವಳಿಗೆ ಆ ಕಡೆಯ ಹಡಗುಗಳು ಬಂದವು, ನಮ್ಮವರು ಅದರ ಸರಕು ಇಳಿಸಿದರು, ಅದರಲ್ಲಿ ದುಡಿದರು. ಜೊತೆಗೆ ಕೆಲಸ ಮಾಡುವಾಗ ಕೂಗಿ ಹೇಳಿದ ಪದ ನಾಲಿಗೆಯಲ್ಲಿ ಉಳಿಯಿತು. ನಾವು ಅದನ್ನು ಯಾರಿಂದಲೂ ಕದ್ದಿಲ್ಲ, ಯಾರೂ ನಮ್ಮ ಮೇಲೆ ಹೇರಿಲ್ಲ. ಅದು ನಮ್ಮ ದುಡಿಮೆಯ ಪದ. ಅದನ್ನು ಮೈಸೂರಿನಲ್ಲಿ ಕೂತು ತೆಗೆದುಹಾಕಿ ಅಂದರೆ ನನಗೆ ಬೇಜಾರಾಗುತ್ತದೆ. ನಿಮ್ಮ ಹಿನ್ನೀರು ದಾಟಿ ಸಿಗಂದೂರು ದೇವಸ್ಥಾನಕ್ಕೆ ಹೋಗುವವರು ಅಷ್ಟು ವರ್ಷ ಏನು ಹತ್ತಿದರು? ಲಾಂಚ್. 2025ರಲ್ಲಿ ಸೇತುವೆ ಬಂತು, ಆದರೂ ಜನ ಲಾಂಚಿನ ಕಾಲ ಅಂತಲೇ ನೆನೆಯುತ್ತಾರೆ. ಆ ಪದವನ್ನೂ ತಿದ್ದುತ್ತೀರಾ ಸರ್?

ಮೈಸೂರಿನಿಂದ:

ಬೇಜಾರು ಮಾಡಬೇಕೆಂದು ಬರೆದದ್ದಲ್ಲ. ಇದ್ದ ಪದವನ್ನು ಕಿತ್ತುಹಾಕಿ ಎಂದು ದೋಣಿಯವರಿಗೆ ಹೇಳುತ್ತಿಲ್ಲ. ಹೊಸದಾಗಿ ಬರೆಯುವ ಜಾಗದಲ್ಲಿ ಹೊಸದಾಗಿ ಕಟ್ಟೋಣ ಎಂದೆ. ಕಟ್ಟುವ ಅಭ್ಯಾಸ ತಪ್ಪಿದರೆ ನಾಳೆ ಟ್ರಿಪ್ ಲೈನ್ ಎಂದೇ ಬರೆಯುತ್ತಾರೆ. ನನ್ನ ಚಿಂತೆ ಅದು.

ಹೊಸಕೋಟೆಯಿಂದ:

ಯಾರೂ ಪಾತಾಳಗರಡಿಯ ಹೆಸರು ಎತ್ತಲಿಲ್ಲ. ಬಾವಿಗೆ ಕೊಡ ಬಿದ್ದರೆ ಇಳಿಬಿಡುತ್ತಿದ್ದ ಕೊಕ್ಕೆಗಳ ಗೊಂಚಲು. ನಮ್ಮ ಬೀದಿಗೆಲ್ಲಾ ಒಂದೇ ಇತ್ತು, ಕೊಡ ಬಿದ್ದವರು ಆ ಮನೆಗೆ ಓಡುತ್ತಿದ್ದರು. ಸಣ್ಣ ದೋಣಿಗಳ ನಾಲ್ಕು ಕೊಕ್ಕೆಯ ಲಂಗರು ನೋಡಿದರೆ ನನಗೆ ಅದೇ ನೆನಪಾಗುತ್ತದೆ. ಹಗ್ಗ ಕಡಿದು ಲಂಗರು ತಳದಲ್ಲೇ ಉಳಿದರೆ ಅದನ್ನು ತೆಗೆಯಲೂ ಇದೇ ಆಗುತ್ತದೆ. ದೋಣಿಯ ಹಿಂದೆ ಇಳಿಬಿಟ್ಟು ಮೆಲ್ಲಗೆ ಆಚೀಚೆ ಎಳೆದರೆ ಹಗ್ಗದ ತುಂಡೋ ಸರಪಳಿಯೋ ತಗುಲುತ್ತದೆ. ಲಂಗರಿನ ಬದಲು ಈ ಪದವನ್ನೇ ಬಳಸಬಾರದೇಕೆ?

ಧಾರವಾಡದಿಂದ:

ಬಳಸಬಾರದು. ಒಂದು ಹಿಡಿದು ನಿಲ್ಲಲು, ಇನ್ನೊಂದು ಹುಡುಕಿ ತೆಗೆಯಲು. ಕೆಲಸ ಬೇರೆ, ಪದ ಬೇರೆ. ಅಂದಹಾಗೆ ಅದರ ಗರಡಿಗೂ ಕುಸ್ತಿಯ ಗರಡಿಗೂ ಸಂಬಂಧವಿಲ್ಲ. ತಮಿಳಿನಲ್ಲಿ ಪಾತಾಳಕ್ಕರಂಡಿ. ಕರಂಡಿ ಎಂದರೆ ಸೌಟು. ನಮ್ಮ ಬಾಯಲ್ಲಿ ಗರಡಿ ಆಗಿದೆ.

ಹೊಸಕೋಟೆಯಿಂದ:

ಸೌಟಿಗೆ ಕೊಕ್ಕೆ ಎಲ್ಲಿಂದ ಬಂತು ಸರ್? ಒಪ್ಪಲು ಕಷ್ಟ. ಇದನ್ನು ಬೇರೆ ಎಳೆಯಲ್ಲಿ ಮಾತಾಡೋಣ.

ಸಾಗರದಿಂದ:

ಎಲ್ಲರಿಗೂ ವಂದನೆ. ಎಲ್ಲವನ್ನೂ ಎರಡೆರಡು ಸಲ ಓದಿದೆ. ಲಂಗರನ್ನು ಉಳಿಸಿಕೊಳ್ಳುತ್ತೇನೆ, ಮೈಸೂರಿನ ಸರ್ ಕ್ಷಮಿಸಬೇಕು. ನೀರಿಗೆ ಬಿದ್ದ ಹೊತ್ತಿನಲ್ಲಿ ಮಗುವಿಗೆ ಗೊತ್ತಿರುವ ಪದವೇ ನೆನಪಾಗಬೇಕು. ಹೊಸ ಪದ ಕಲಿಸಲು ಅದು ಹೊತ್ತಲ್ಲ.

ಧಾರವಾಡದ ಸರ್ 'ಬಿಡಿಸು'ವಿನಲ್ಲಿ ತೋರಿಸಿದ ತೊಡಕು ನಿಜ. ರಾತ್ರಿ ಅದನ್ನೇ ಯೋಚಿಸುತ್ತಿದ್ದೆ. ಬೆಳಿಗ್ಗೆ ತೋಟಕ್ಕೆ ಹೋದವಳ ಕಾಲಿಗೆ ಉಂಬಳ ಹತ್ತಿತ್ತು. ನಮ್ಮ ಮಲೆನಾಡಿನಲ್ಲಿ ಎಲ್ಲರಿಗೂ ಗೊತ್ತು, ಕಚ್ಚಿಕೊಂಡ ಉಂಬಳವನ್ನು ಎಳೆಯಬಾರದು. ಸುಣ್ಣವೋ ಉಪ್ಪೋ ತಾಗಿಸಿ ಬಿಡಿಸಬೇಕು. ಉಂಬಳ ಎತ್ತು, ಉಂಬಳ ಕೀಳು ಅಂತ ನಮ್ಮಮ್ಮ ಯಾವತ್ತೂ ಹೇಳಲಿಲ್ಲ. ಉಂಬಳ ಬಿಡಿಸು ಅಂದರು. ಕಚ್ಚು ಪಕ್ಕದಲ್ಲಿದ್ದರೆ ಬಿಡಿಸು ಒಂದೇ ಅರ್ಥ ಕೊಡುತ್ತದೆ. ಗಂಟು ಬಿಡಿಸು, ಸಿಕ್ಕು ಬಿಡಿಸು ಅನ್ನುವ ಹಾಗೆ. ಇಳಿಸು ಅನ್ನುವ ಅರ್ಥ ಅಲ್ಲಿ ಬರುವುದೇ ಇಲ್ಲ. ಗಂಗೊಳ್ಳಿಯವರೂ ಮೊದಲ ಓಲೆಯಲ್ಲಿ ತಮಗೆ ಗೊತ್ತಿಲ್ಲದೆ ಕಚ್ಚು, ಬಿಡಿಸು ಎಂದೇ ಬರೆದಿದ್ದರು. ನಾನೇ ಗಮನಿಸಿರಲಿಲ್ಲ.

ಸಣ್ಣ ಹಗ್ಗಕ್ಕೆ ಬುಡಹಗ್ಗ ಅನ್ನುತ್ತೇನೆ. ಲಂಗರಿನ ಬುಡಕ್ಕೆ ಕಟ್ಟುವುದು, ಬುಡದಿಂದ ಎಳೆಯುವುದು. ಇದು ಹೊಸದಾಗಿ ಕಟ್ಟಿದ ಪದವೇ, ಮೈಸೂರಿನ ಸರ್‌ಗೆ ಇಷ್ಟವಾದೀತು. ತೇಲುವುದಕ್ಕೆ ಬೆಂಡು. ಗಾಳ ಹಾಕುವ ಮಕ್ಕಳಿಗೆ ಆ ಪದ ಗೊತ್ತು.

ಬೋರ್ಡಿಗೆ ಹೋಗುವುದು ಹೀಗೆ:

ಲಂಗರು ಕಚ್ಚಿಕೊಂಡರೆ ಬಿಡಿಸುವುದು ಹೇಗೆ?
ಜಗ್ಗಬೇಡಿ. ಇಂಜಿನ್ ಜೋರು ಮಾಡಬೇಡಿ.
ಹಗ್ಗವನ್ನು ದೋಣಿಯ ಹಿಂಬದಿಗೆ ಎಂದೂ ಕಟ್ಟಬೇಡಿ.
ಬುಡಹಗ್ಗ ಇದ್ದರೆ ಅದನ್ನು ಎಳೆಯಿರಿ.
ಇಲ್ಲದಿದ್ದರೆ ದೋಣಿಯನ್ನು ಲಂಗರಿನ ನೇರ ಮೇಲಕ್ಕೆ ತನ್ನಿ. ಆಮೇಲೆ ದಾಟಿ ಹೋಗಿ, ಎದುರು ದಿಕ್ಕಿನಿಂದ ನಿಧಾನ ಎಳೆಯಿರಿ.
ಆದರೂ ಬಿಡದಿದ್ದರೆ ಹಗ್ಗದ ತುದಿಗೆ ಬೆಂಡು ಕಟ್ಟಿ, ಬಿಟ್ಟು ಬನ್ನಿ. ಲಂಗರು ಹೋದರೆ ಹೋಗಲಿ.

ಗಂಗೊಳ್ಳಿಯಿಂದ:

ಸರಿಯಾಗಿದೆ ಮೇಡಂ. ಒಂದು ಸಾಲು ಸೇರಿಸಿ. ಬಿಟ್ಟು ಬರುವ ಮುಂಚೆ ಗುರುತು ಹಿಡಿಯಲಿ. ಹತ್ತಿರದ ಒಂದು ಮರ, ಅದರ ಹಿಂದೆ ಒಂದು ಗುಡ್ಡದ ತುದಿ, ಎರಡೂ ಒಂದೇ ಗೆರೆಗೆ ಬರಬೇಕು. ಇನ್ನೊಂದು ಕಡೆಗೂ ಇಂಥದೇ ಗೆರೆ. ಎರಡು ಗೆರೆ ಕೂಡಿದಲ್ಲಿ ಲಂಗರು. ಬೆಂಡು ಗಾಳಿಗೆ ಕಿತ್ತುಹೋದರೂ ಗುಡ್ಡ ಎಲ್ಲಿಗೂ ಹೋಗುವುದಿಲ್ಲ. ಏಪ್ರಿಲ್, ಮೇನಲ್ಲಿ ನೀರು ಇಳಿದಾಗ ಹೋಗಿ ತರಬಹುದು.

ಮೈಸೂರಿನಿಂದ:

ಬುಡಹಗ್ಗ ಚೆನ್ನಾಗಿದೆ. ಹಗ್ಗ ತದ್ಭವವಾದರೂ ಚೆನ್ನಾಗಿದೆ. ಲಂಗರಿನ ಬಗ್ಗೆ ನಾನು ಹೇಳಿದ್ದು ಹೇಳಿದ್ದೇ.

ಸಾಗರದಿಂದ:

ಬಣ್ಣದವರು ಬ್ರಷ್ ಹಿಡಿದು ನಿಂತಿದ್ದಾರೆ. ಬುಡಹಗ್ಗ ಕೂಡಿಸಿ ಬರೆಯಲೋ, ಬಿಡಿಸಿ ಬರೆಯಲೋ?

ಧಾರವಾಡದಿಂದ:

ಕೂಡಿಸಿ.