ಪದಚರ್ಚೆ: ನೀಡಲ್‌ಪಾಯಿಂಟ್‌ಗೆ ಬೋರ್ಡ್ ಮೇಲೆ ಏನಂತ ಬರೆಯಲಿ? (ಶನಿವಾರದೊಳಗೆ ಬೇಕು)

ಬರೆದವರು: ಒಹಾಯೋದಿಂದ | ಮಂಗಳವಾರ

ಎಲ್ಲರಿಗೂ ನಮಸ್ಕಾರ.

ಒಂದು ಬೋರ್ಡ್‌ಗೆ ಪದ ಬೇಕು. ಶನಿವಾರ ಪ್ರಿಂಟ್‌ಗೆ ಕೊಡಬೇಕು.

ನಮ್ಮ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಎರಡು ಗಂಟೆಯ ನೀಡಲ್‌ಪಾಯಿಂಟ್ ಕ್ಲಾಸ್ ಮಾಡುತ್ತೇನೆ ಅಂತ ಸುಮ್ನೆ ಒಪ್ಪಿಕೊಂಡುಬಿಟ್ಟೆ. ಈ ಬೇಸಿಗೆಯಲ್ಲಿ ಇಲ್ಲಿನ ಹೊಲಿಗೆಯವರ ಸೆಮಿನಾರ್ ಒಂದಕ್ಕೆ ಹೋಗಿ ನಾಲ್ಕು ದಿನ ಕೂತು ಕಲಿತು ಬಂದಿದ್ದೇನೆ, ಅದೇ ಧೈರ್ಯ. ಮೂರು ವಾರ ಮೊದಲೇ ಕ್ಯಾನ್ವಾಸ್ ಅಂಚೆಯಲ್ಲಿ ಬಂದಿತ್ತು. ಅಂಚಿಗೆ ಟೇಪ್ ಅಂಟಿಸಿ, ಮರದ ಚೌಕಟ್ಟಿಗೆ ಬಿಗಿದು, ಒಂದು ಮೂಲೆ ಮನೆಯಲ್ಲೇ ತುಂಬಿಸಿ ತರಬೇಕು ಅಂತ ಹೋಮ್‌ವರ್ಕ್ ಬೇರೆ. ಮೊದಲ ದಿನ ಬೆಳಿಗ್ಗೆ ಟೀಚರ್ ಬಂದವರೇ ಎಲ್ಲರ ಚೌಕಟ್ಟನ್ನೂ ತಿರುಗಿಸಿ ಹಿಂಭಾಗ ನೋಡಿದರು. ಮುಂಭಾಗದ ಕಡೆ ಕಣ್ಣೂ ಹಾಯಿಸಲಿಲ್ಲ. ನನ್ನದರ ಹಿಂಭಾಗ ನೋಡಿ ಏನೂ ಹೇಳದೆ ಕತ್ತರಿ ಕೊಟ್ಟರು.

ಗೊತ್ತಿಲ್ಲದವರಿಗೆ: ಇದು ಬಟ್ಟೆ ಮೇಲೆ ಹೂ ಹಾಕುವ ಕೆಲಸ ಅಲ್ಲ. ಗಂಜಿ ಹಾಕಿದಂಥ ಗಟ್ಟಿ ಕ್ಯಾನ್ವಾಸ್ ಇರುತ್ತದೆ, ಅದರ ತುಂಬ ಚೌಕ ಚೌಕ ತೂತು. ಪ್ರತಿ ತೂತನ್ನೂ ಉಲ್ಲನ್ ಅಥವಾ ರೇಷ್ಮೆ ದಾರದಿಂದ ಮುಚ್ಚಬೇಕು. ಕೊನೆಗೆ ಕ್ಯಾನ್ವಾಸ್ ಕಾಣಲೇಬಾರದು. ನಾನು ಮಾಡಿದ್ದು ಇಂಚಿಗೆ 18 ತೂತಿನದು, ಅಂದರೆ ಚದರ ಇಂಚಿಗೆ 324 ಹೊಲಿಗೆ. ಐದಿಂಚಿನ ಚೌಕಕ್ಕೆ 8,100. ಇನ್ನೂ ಮುಗಿದಿಲ್ಲ.

ಬೋರ್ಡ್‌ಗೆ ಈ ಕೆಲಸದ ಹೆಸರು ಬೇಕು. ಮಕ್ಕಳಿಗೆ ಕೊಡುವ ಹಾಳೆಗೆ ಟೆಂಟ್ ಸ್ಟಿಚ್‌ಗೂ ಒಂದು ಪದ ಬೇಕು, ಅದು ಒಂದೇ ಕಡೆ ಓರೆಯಾಗಿ ಹಾಕುವ ಪುಟ್ಟ ಹೊಲಿಗೆ. ಆಮೇಲೆ ‘ಸೆಮಿನಾರ್’ಗೂ. ವಿಚಾರ ಸಂಕಿರಣ ಅಂತ ಹಾಕಿದರೆ ನಾನು ಪ್ರಬಂಧ ಓದಿ ಬಂದೆ ಅಂದುಕೊಳ್ಳುತ್ತಾರೆ.

ಬರೆದವರು: ಬೆಂಗಳೂರಿನ ಅನುವಾದಕ | ಮಂಗಳವಾರ

ಸೂಜಿಮೊನೆ ಕಸೂತಿ. ಓರೆ ಹೊಲಿಗೆ. ವಿಚಾರ ಸಂಕಿರಣವೇ ಸರಿ, ಇಲಾಖೆಗಳಲ್ಲಿ ಅದೇ ರೂಢಿ.

ಬರೆದವರು: ಶಿವಮೊಗ್ಗದ ಮೇಷ್ಟ್ರು | ಬುಧವಾರ

‘ಸೂಜಿಮೊನೆ’ ನೋಡಿ ನಗು ಬಂತು. ನೀಡಲ್ ಅಂದರೆ ಸೂಜಿ, ಪಾಯಿಂಟ್ ಅಂದರೆ ಮೊನೆ, ಎರಡನ್ನೂ ಅಂಟಿಸಿದರೆ ಅನುವಾದ ಆಯಿತು! ಕಸುಬಿನ ಮಾತಿನಲ್ಲಿ ಪಾಯಿಂಟ್ ಮೊನೆಯಲ್ಲ. ಫ್ರೆಂಚರಲ್ಲಿ ಒಂದು ಹೊಲಿಗೆಗೆ ಆ ಹೆಸರು. ‘ಪೆಟಿ ಪಾಯಿಂಟ್’ ಅಂದರೆ ಸಣ್ಣ ಹೊಲಿಗೆ. ಹಿಂದೆ ನೀಡಲ್‌ಪಾಯಿಂಟ್ ಅಂದರೆ ಸೂಜಿಯಿಂದ ಕಟ್ಟಿದ ಲೇಸ್ ಅಂತಲೂ ಅರ್ಥವಿತ್ತು. ಇಂಗ್ಲಿಷಿನಲ್ಲೇ ಇಷ್ಟು ಅಲೆದಾಡಿದ ಪದವನ್ನು ತುಂಡು ಮಾಡಿ ಅನುವಾದಿಸುವುದು ದಡ್ಡತನ.

ಇನ್ನು ಕಸೂತಿ. ‘ಕೈ’ ಮತ್ತು ‘ಸೂತಿ’ (ಹತ್ತಿ) ಸೇರಿ ಆಯಿತು ಅಂತ ಎಲ್ಲ ಕಡೆ ಬರೆಯುತ್ತಾರೆ. ಐಕಾರ ಎಲ್ಲಿ ಬಿದ್ದುಹೋಯಿತು, ಸ್ವಾಮಿ? ಕೈಕೆಲಸ ‘ಕಕೆಲಸ’ ಆಯಿತೇ? ಕೈಚೀಲ ‘ಕಚೀಲ’ ಆಯಿತೇ? ಮರಾಠಿಯ ‘ಕಶಿದಾ’ ನೋಡಿ, ಅದೂ ಎಂಬ್ರಾಯ್ಡರಿಯೇ. ಅದರ ಬೇರು ಪಾರಸಿಯ ‘ಕಶೀದನ್’, ಅಂದರೆ ಎಳೆಯುವುದು. ನಮ್ಮಲ್ಲಿ ‘ಎಳೆ’ ಅಂದರೆ ದಾರವೂ ಹೌದು, ಜಗ್ಗುವುದೂ ಹೌದು. ಇದನ್ನು ಯಾರೂ ಗಮನಿಸಿಲ್ಲ.

ಬರೆದವರು: ಧಾರವಾಡದಿಂದ | ಬುಧವಾರ

ಮೇಷ್ಟ್ರೇ, ಕಶಿದಾದ ‘ಶಿ’ ಹೋಗಿ ‘ಸೂ’ ಬಂದದ್ದು, ‘ದ’ ಹೋಗಿ ‘ತಿ’ ಬಂದದ್ದು ನಿಮಗೆ ನಡೆಯುತ್ತದೆ. ನಮ್ಮ ಐಕಾರ ಬಿದ್ದರೆ ಮಾತ್ರ ನಡೆಯೋದಿಲ್ಲ, ಅಲ್ವಾ? ಇರಲಿ.

ತಂಗೀ, ನೀವು ಏನಾದರೂ ಬರೀರಿ, ಕಸೂತಿ ಅಂತ ಮಾತ್ರ ಬರೀಬ್ಯಾಡ್ರಿ. ಬೆಂಗಳೂರು ಕಡೆ ಯಾವ ಎಂಬ್ರಾಯ್ಡರಿ ಕಂಡರೂ ಕಸೂತಿ ಅಂತಾರೆ. ಬ್ಲೌಸ್ ಮೇಲೆ ಮಷೀನಿನಲ್ಲಿ ಹಾಕಿದ್ದಕ್ಕೂ ಕಸೂತಿ. ನಮ್ಮಲ್ಲಿ ಕಸೂತಿ ಅಂದರೆ ಇಳಕಲ್ ಸೀರೆ ಮೇಲೆ, ಚಂದ್ರಕಾಳಿ ಅನ್ನೋ ಕಪ್ಪು ಸೀರೆ ಮೇಲೆ, ಎಳೆ ಎಣಿಸಿ ಹಾಕೋದು. ಪೆನ್ಸಿಲ್ ಗೀಟು ಇಲ್ಲ, ಗಂಟು ಇಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತಿ, ಈ ನಾಲ್ಕೇ ಹೊಲಿಗೆ. ಗೋಪುರ, ತೇರು, ಅಂಬಾರಿ ಆನೆ, ತುಳಸಿಕಟ್ಟೆ. ಗವಂತಿ ಹಾಕಿದರೆ ಮುಂದೆ ಹಿಂದೆ ಎರಡೂ ಕಡೆ ಒಂದೇ ಥರ ಕಾಣಬೇಕು. ದಾರ ಒಂದು ಸಲ ಹೋಗುವಾಗ ಒಂದು ಬಿಟ್ಟು ಒಂದು ಹಾಕಿ, ತಿರುಗಿ ಬರುವಾಗ ಬಿಟ್ಟದ್ದನ್ನು ತುಂಬಿ, ಹೊರಟಲ್ಲಿಗೇ ಬಂದು ನಿಲ್ಲಬೇಕು. ದಾರಿ ತಪ್ಪಿದರೆ ಬಿಚ್ಚಬೇಕು. ನನ್ನ ಅತ್ತೆ ತುಳಸಿಕಟ್ಟೆ ಒಂದನ್ನು ಮೂರು ಸಲ ಬಿಚ್ಚಿಸಿದ್ದರು.

ಇದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸುಮ್ನೆ ಸಿಕ್ಕಿಲ್ಲ. ಸಂಡೂರಿನ ಲಂಬಾಣಿ ಕೆಲಸಕ್ಕೂ ಬೇರೆ ಮಾನ್ಯತೆ ಇದೆ. ಅದನ್ನೂ ಯಾರೂ ಕಸೂತಿ ಅನ್ನಬಾರದು.

ಆದರೆ ನಿಮ್ಮ ಓರೆ ಹೊಲಿಗೆಗೆ ನಮ್ಮಲ್ಲಿ ಪದ ಇದೆ. ಗುಣಾಕಾರದ ಗುರುತಿನ ಹಾಗೆ ಹಾಕೋದು ಮೆಂತಿ, ಮೆಂತ್ಯದ ಕಾಳಿನ ಹಾಗೆ. ನಿಮ್ಮದು ಅದರ ಒಂದೇ ಕಾಲು. ಅರ್ಧ ಮೆಂತಿ ಅನ್ರಿ. ಮುಗೀತು.

ಬರೆದವರು: ಒಹಾಯೋದಿಂದ | ಬುಧವಾರ

ಅಕ್ಕಾ, ಅರ್ಧ ಮೆಂತಿ! ಇವತ್ತೇ ಹಾಳೆಗೆ ಹಾಕಿಬಿಟ್ಟೆ.

ಅನುವಾದಕ ಸರ್, ಒಂದು ಮಾತು. ಈ ಕೆಲಸದ ಸೂಜಿಗೆ ಮೊನೆಯೇ ಇಲ್ಲ. ಮೊಂಡು ಸೂಜಿ. ತೂತು ಮೊದಲೇ ಇರುತ್ತದಲ್ಲ, ಚುಚ್ಚುವ ಕೆಲಸವೇ ಇಲ್ಲ. ಚೂಪಾದದ್ದು ತಗೊಂಡರೆ ಕ್ಯಾನ್ವಾಸಿನ ಎಳೆಯನ್ನೇ ಸೀಳುತ್ತದೆ.

ಇನ್ನೊಂದು ಕೇಳಬೇಕಿತ್ತು. ಟೀಚರ್ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ನಿಯಮ ಒಂದಿದೆ: ಮೇಲೆ ಬರುವಾಗ ‘ಕ್ಲೀನ್’ ತೂತಿನಿಂದ ಬಾ, ಕೆಳಗೆ ಹೋಗುವಾಗ ‘ಡರ್ಟಿ’ ತೂತಿಗೆ ಹೋಗು. ಕ್ಲೀನ್ ಅಂದರೆ ಇನ್ನೂ ದಾರ ಹೋಗದ್ದು, ಡರ್ಟಿ ಅಂದರೆ ಆಗಲೇ ದಾರ ಇರುವುದು. ಉಲ್ಟಾ ಮಾಡಿದರೆ ಸೂಜಿ ಮೇಲೆ ಬರುವಾಗ ಹಳೇ ದಾರದ ನಾರು ಕಿತ್ತುಕೊಂಡು ಬರುತ್ತದೆ. ಇದನ್ನು ಮಕ್ಕಳಿಗೆ ಹೇಗೆ ಹೇಳಲಿ?

ಬರೆದವರು: ಬೆಂಗಳೂರಿನ ಅನುವಾದಕ | ಬುಧವಾರ

ಮೊನೆ ಇಲ್ಲದಿದ್ದರೂ ಪದಕ್ಕೆ ಪದ ಕೊಟ್ಟೆ. ಕೇಳಿದ್ದು ಪದ, ಸೂಜಿಯ ಚರಿತ್ರೆ ಅಲ್ಲ.

ಮಡಿ ತೂತು, ಮೈಲಿಗೆ ತೂತು.

ಬರೆದವರು: ಒಹಾಯೋದಿಂದ | ಬುಧವಾರ

ಸರ್, ನಗು ಬಂತು ನಿಜ. ಆದರೆ ಏಳು ವರ್ಷದ ಮಕ್ಕಳಿಗೆ ನವೆಂಬರ್ ಒಂದರಂದು ಮಡಿ ಮೈಲಿಗೆ ಕಲಿಸಲಾರೆ.

ಬರೆದವರು: ಹೊಸಗನ್ನಡಿಗ | ಗುರುವಾರ

ಇಶ್ಟೊತ್ತು ಸಂಸ್ಕ್ರುತ, ಪಾರಸಿ, ಪ್ರೆಂಚ್ ಎಲ್ಲ ಆಯಿತು. ಕನ್ನಡದ್ದು ಯಾರೂ ಹೇಳಲಿಲ್ಲ. ‘ಸೂಜಿ’ಯೇ ಎರವಲು, ‘ಸೂಚಿ’ಯಿಂದ ಬಂದದ್ದು. ಅದನ್ನು ಬಿಟ್ಟುಬಿಡಿ. ಹೊಲಿ, ಹೆಣೆ, ನೂಲು, ಎಳೆ ಎಲ್ಲ ನಮ್ಮವೇ. ಬಲೆಗೆ, ಜರಡಿಗೆ ಕಣ್ಣು ಅನ್ನುತ್ತೇವೆ. ಹಾಗಾಗಿ: ಕಣ್ಣುಹೊಲಿಗೆ. ಸೆಮಿನಾರಿಗೆ ಕೂಡುಕಲಿಕೆ. ‘ಅರ್ದ’ ಕೂಡ ನಮ್ಮದಲ್ಲ, ಅರೆ ಮೆಂತಿ ಅನ್ನಿ.

ಬರೆದವರು: ಶಿವಮೊಗ್ಗದ ಮೇಷ್ಟ್ರು | ಗುರುವಾರ

ಕಣ್ಣುಹೊಲಿಗೆ ಅಂತ ಬೋರ್ಡ್ ಹಾಕಿದರೆ ಪೊರೆ ಬಂದ ಅಜ್ಜಂದಿರು ಸಾಲು ನಿಲ್ಲುತ್ತಾರೆ.

ಸೂಚಿ ಸೂಜಿಯಾದದ್ದು ತದ್ಭವ. ಅದು ಇವತ್ತು ನಿನ್ನೆಯ ಎರವಲಲ್ಲ. ಸಂಸ್ಕೃತ ಪದಗಳು ಕನ್ನಡಕ್ಕೆ ಬರುವಾಗ ಹೇಗೆ ಬದಲಾಗುತ್ತವೆ ಅನ್ನುವುದಕ್ಕೆ ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಒಂದು ಪ್ರಕರಣವನ್ನೇ ಬರೆದಿದ್ದಾನೆ. ತದ್ಭವವನ್ನೂ ಓಡಿಸಿದರೆ ಮನೆಯಲ್ಲಿ ಉಳಿಯುವುದು ಏನು? ದರ್ಜಿ ಪಾರಸಿ. ಜರಿ, ರುಮಾಲು ಪಾರಸಿ. ಇಸ್ತ್ರಿ ಪೋರ್ಚುಗೀಸರದ್ದು. ಹೊಲಿದ ಅಂಗಿಗೆ ಇಸ್ತ್ರಿ ಹಾಕದೆ ಉಟ್ಟುಕೊಳ್ಳಿ.

ಸೆಮಿನಾರಿಗೆ ‘ಕಮ್ಮಟ’ ಎಂಬ ಒಳ್ಳೆಯ ಪದವಿದೆ. ಕಾವ್ಯ ಕಮ್ಮಟ ಅಂತ ಕೇಳಿಲ್ಲವೇ? ಕೂತು ಕೈಯಾರೆ ಕಲಿಯುವ ಜಾಗ.

ಬರೆದವರು: ಹೊಸಗನ್ನಡಿಗ | ಗುರುವಾರ

ಕಮ್ಮಟ ಅಂದರೆ ನಾಣ್ಯ ಹೊಡೆಯುವ ಜಾಗ. ಟಂಕಸಾಲೆ. ಅಲ್ಲಿ ಹೊಲಿಗೆ ಕಲಿಸುತ್ತಿರಲಿಲ್ಲ.

ನಾನು ಅಂಗಿಯನ್ನು ಓಡಿಸಿ ಅನ್ನಲಿಲ್ಲ. ಹೊಸದಾಗಿ ಕಟ್ಟುವಾಗ ನಮ್ಮ ಬೇರಿನಿಂದ ಕಟ್ಟೋಣ ಅಂದೆ. ಹಳಬರಿಗೆ ಈ ಎರಡರ ನಡುವಿನ ಗೆರೆ ಯಾವತ್ತೂ ಕಾಣುವುದಿಲ್ಲ.

ಬರೆದವರು: ಶಿವಮೊಗ್ಗದ ಮೇಷ್ಟ್ರು | ಗುರುವಾರ

ಟಂಕಸಾಲೆ ಎಂಬುದು ನನಗೂ ಗೊತ್ತು. ಅಚ್ಚು ಹಾಕಿ ನಾಣ್ಯ ತಯಾರಿಸುವ ಜಾಗದ ಹೆಸರನ್ನು ಕವಿಗಳನ್ನು ತಯಾರಿಸುವ ಜಾಗಕ್ಕೆ ಕೊಟ್ಟವರು ರಸಿಕರು. ಅರ್ಥ ಹಿಗ್ಗುತ್ತದೆ, ಅದಕ್ಕೇ ಅದು ಭಾಷೆ. ಮತ್ತೆ, ‘ಭಾಷೆ’ಗೆ ನಾನು ನಿಮ್ಮ ಹಾಗೆ ಬಿಡದೆ ಮಹಾಪ್ರಾಣ ಹಾಕಿಯೇ ಬರೆಯುತ್ತೇನೆ.

ಬರೆದವರು: ಒಹಾಯೋದಿಂದ | ಗುರುವಾರ

ಇವತ್ತು ಗುರುವಾರ. ಬೋರ್ಡ್ ಇನ್ನೂ ಖಾಲಿ.

ಬರೆದವರು: ಮಂಗಳೂರಿನಿಂದ, ಸುಮ್ನೆ ಓದುತ್ತಿದ್ದೆ | ಗುರುವಾರ

ಇಂಗ್ಲೆಂಡಿನಲ್ಲಿ ಇದೇ ಕೆಲಸಕ್ಕೆ ‘ಕ್ಯಾನ್ವಾಸ್ ವರ್ಕ್’ ಅಂತಾರೆ. ಕೆಲವರು ‘ಟ್ಯಾಪಿಸ್ಟ್ರಿ’ ಅಂತಲೂ ಅಂತಾರೆ, ಅದು ತಪ್ಪು. ಟ್ಯಾಪಿಸ್ಟ್ರಿ ಮಗ್ಗದಲ್ಲಿ ನೇಯುವುದು. ಬಾಯೊ ಟ್ಯಾಪಿಸ್ಟ್ರಿ ಅಂತ ಎಪ್ಪತ್ತು ಮೀಟರ್ ಉದ್ದದ್ದು ಇದೆಯಲ್ಲ, ಅದೂ ನೇಯ್ದದ್ದಲ್ಲ, ನಾರುಬಟ್ಟೆ ಮೇಲೆ ಉಣ್ಣೆ ದಾರದಲ್ಲಿ ಹೊಲಿದದ್ದು. ಹೆಸರು ಹಾಗೇ ಉಳಿದಿದೆ. ಅವರೇ ಇಷ್ಟು ಗೊಂದಲ ಮಾಡಿಕೊಂಡಿರುವಾಗ ನಾವು ಯಾಕೆ ಇಷ್ಟು ಹೊಡೆದಾಡುವುದು?

ಕ್ಯಾನ್ವಾಸ್ ಶೂ ಅಂದರೆ ಎಲ್ಲರಿಗೂ ಗೊತ್ತು. ಕ್ಯಾನ್ವಾಸ್ ಹೊಲಿಗೆ ಅಂತ ಬರೆಯಿರಿ ಮಾರಾಯ್ರೆ.

ಬರೆದವರು: ಹೊಸಗನ್ನಡಿಗ | ಗುರುವಾರ

ಕ್ಯಾನ್ವಾಸ್ ಕನ್ನಡವೇ?

ಬರೆದವರು: ಶಿವಮೊಗ್ಗದ ಮೇಷ್ಟ್ರು | ಗುರುವಾರ

ಮೊದಲ ಸಲ ಈ ಹುಡುಗನ ಜೊತೆ ನನ್ನ ಸಹಮತ. ಕ್ಯಾನ್ವಾಸ್‌ನ ಬೇರು ಕ್ಯಾನಬಿಸ್. ಗಾಂಜಾ ಗಿಡದ ನಾರಿನ ಬಟ್ಟೆ. ರಾಜ್ಯೋತ್ಸವಕ್ಕೆ ಶೋಭಿಸುವುದಿಲ್ಲ. ‘ಜಾಲಂದ್ರದ ಹೊಲಿಗೆ’ ಹೇಗೆ?

ಬರೆದವರು: ಧಾರವಾಡದಿಂದ | ಗುರುವಾರ

ಜಾಲಂದ್ರ ಗೋಡೆಯಲ್ಲಿ ಇರ್ತದ್ರಿ ಮೇಷ್ಟ್ರೇ.

ನಾನು ಇವತ್ತು ಮಗಳಿಗೆ ಹೇಳಿ ಆ ಕ್ಯಾನ್ವಾಸಿನ ಫೋಟೊ ತರಿಸಿ ನೋಡಿದೆ. ನಮ್ಮ ಸಾಣಿಗಿ ಇದ್ದ ಹಾಗೇ ಇದೆ, ಹಿಟ್ಟು ಸೋಸೋದು. ಶಾಲೆಯಲ್ಲಿ ನಾವು ಮ್ಯಾಟಿ ಅನ್ನೋ ಚೌಕ ಚೌಕ ನೇಯ್ಗೆಯ ಬಟ್ಟೆ ಮೇಲೆ ಹೊಲಿಗೆ ಹಾಕುತ್ತಿದ್ದೆವು, ಅದಕ್ಕೂ ಇಷ್ಟು ದೊಡ್ಡ ಕಣ್ಣು ಇರಲಿಲ್ಲ. ಬೋರ್ಡ್ ಮೇಲೆ ಕ್ಯಾನ್ವಾಸ್ ಹೊಲಿಗೆ ಇರಲಿ, ಓದಿದವರಿಗೆ ತಿಳೀತದ. ಕ್ಲಾಸಿನಲ್ಲಿ ಮಾತಾಡುವಾಗ ಜರಡಿ ಅನ್ರಿ, ಕಣ್ಣು ಅನ್ರಿ. ಆ ಹೊಸಗನ್ನಡದ ತಮ್ಮ ಹೇಳಿದ್ದರಲ್ಲಿ ಕಣ್ಣು ಒಂದು ಸರಿ ಇದೆ. ಖಾಲಿ ಕಣ್ಣಿನಿಂದ ಮೇಲೆ ಬಾ, ತುಂಬಿದ ಕಣ್ಣಿಗೆ ಇಳಿ. ಮಡಿ ಗಿಡಿ ಬ್ಯಾಡ.

ಬರೆದವರು: ಒಹಾಯೋದಿಂದ | ಶುಕ್ರವಾರ

ಬೋರ್ಡ್ ಕಳಿಸಿದೆ. ‘ಕ್ಯಾನ್ವಾಸ್ ಹೊಲಿಗೆ’ ದೊಡ್ಡ ಅಕ್ಷರದಲ್ಲಿ, ಕೆಳಗೆ ಚಿಕ್ಕದಾಗಿ ‘ನೀಡಲ್‌ಪಾಯಿಂಟ್’. ಹಾಳೆಯಲ್ಲಿ ಅರ್ಧ ಮೆಂತಿ ಇದೆ (‘ಅರೆ’ ನೋಡಿದೆ, ನನ್ನ ಮಗ ಅದನ್ನು ‘ಅರೇ!’ ಅಂತ ಓದಿದ, ಕ್ಷಮಿಸಿ). ಖಾಲಿ ಕಣ್ಣು, ತುಂಬಿದ ಕಣ್ಣು ಇದೆ. ಅರ್ಧ ಮೆಂತಿಯನ್ನೇ ಮೂಲೆಯಿಂದ ಮೂಲೆಗೆ ಹಾಕುತ್ತಾ ಹೋಗುವ ಬ್ಯಾಸ್ಕೆಟ್‌ವೀವ್ ಕ್ರಮಕ್ಕೆ ‘ಬುಟ್ಟಿ ಸಾಲು’ ಅಂತ ನಾನೇ ಇಟ್ಟೆ. ಅದರ ಹಿಂಭಾಗ ನಿಜವಾಗಿ ಬುಟ್ಟಿ ಹೆಣೆದ ಹಾಗೇ ಕಾಣುತ್ತದೆ. ನೇರ ಸಾಲಿನಲ್ಲಿ ಹಾಕಿದರೆ ಕ್ಯಾನ್ವಾಸ್ ಒಂದು ಕಡೆಗೆ ವಾಲಿಕೊಳ್ಳುತ್ತದೆ, ಹೀಗೆ ಹಾಕಿದರೆ ವಾಲುವುದಿಲ್ಲ. ಅದಕ್ಕೇ ಟೀಚರ್ ಹಿಂಭಾಗ ನೋಡುತ್ತಿದ್ದದ್ದು.

ಸೆಮಿನಾರ್ ಸೆಮಿನಾರಾಗಿಯೇ ಉಳಿಯಿತು. ಕಮ್ಮಟ ನನಗೆ ಇಷ್ಟವಾಗಿತ್ತು, ಆದರೆ ನಮ್ಮ ಕೂಟದ ಅಧ್ಯಕ್ಷರು ‘ಯಾರ ಊರು ಅದು?’ ಅಂತ ಕೇಳಿದರು.

ಬರೆದವರು: ಬೆಂಗಳೂರಿನ ಅನುವಾದಕ | ಶುಕ್ರವಾರ

ವಿಚಾರ ಸಂಕಿರಣ ಅಂತ ಮೊದಲೇ ಹೇಳಿದ್ದೆ.

ಬರೆದವರು: ಶಿವಮೊಗ್ಗದ ಮೇಷ್ಟ್ರು | ಶುಕ್ರವಾರ

ಬೋರ್ಡಿನ ವಿಷಯ ಮುಗಿಯಿತು, ಒಳ್ಳೆಯದು. ಧಾರವಾಡದ ತಾಯಿಯವರಲ್ಲಿ ಒಂದು ಪ್ರಶ್ನೆ. ‘ಗವಂತಿ’ ಪದ ‘ಗಂಟು’ವಿನಿಂದ ಬಂದದ್ದು ಅಂತ ಓದಿದ್ದೇನೆ. ಕಸೂತಿಯಲ್ಲಿ ಗಂಟೇ ಹಾಕುವುದಿಲ್ಲ ಅಂತ ನೀವೇ ಬರೆದಿರಿ. ಗಂಟಿಲ್ಲದ ಹೊಲಿಗೆಗೆ ಗಂಟಿನ ಹೆಸರು ಹೇಗೆ ಬಂತು?

ಬರೆದವರು: ಧಾರವಾಡದಿಂದ | ಶುಕ್ರವಾರ

ನಮ್ಮ ಅತ್ತೆ ಇದ್ದಿದ್ದರೆ ಕೇಳಿ ಹೇಳುತ್ತಿದ್ದೆ. ನಾಳೆ ಅವರ ತಂಗಿ ಬರುತ್ತಾರೆ, ವಿಚಾರಿಸುತ್ತೇನೆ. ಅಲ್ಲಿವರೆಗೆ ನೀವು ಇನ್ನೊಂದು ಪಾರಸಿ ಪದ ಹುಡುಕಬ್ಯಾಡ್ರಿ.