ಎಕ್ಸ್‌ಟಿ ಒಳಗಿನ ಸ್ಪೀಕರ್: ಬೀಪ್ ಸರಿ, ಮಾತು ಮಾತ್ರ ಬರೀ ಕೀಚಲು

ಕುವೆಂಪುನಗರ_ಎಕ್ಸ್‌ಟಿ:
8088 ಕ್ಲೋನ್ (ಐಬಿಎಂ ಎಕ್ಸ್‌ಟಿ ಅನ್ನೋ ಹಳೇ ಕಂಪ್ಯೂಟರಿನ ನಕಲು), ಸೌಂಡ್ ಕಾರ್ಡ್ ಇಲ್ಲ. ಹಿಂದೆ ಯಾರೋ ಮೂಲ ಸ್ಪೀಕರ್ ಕಿತ್ತು ಪೀಜೋ ಬಿಲ್ಲೆ (ಕರೆಂಟ್ ಕೊಟ್ಟರೆ ಅದುರೋ ತೆಳು ತಟ್ಟೆ) ಹಾಕಿದ್ದಾರೆ. ಆನ್ ಮಾಡಿದಾಗಿನ ಬೀಪ್ ಗಟ್ಟಿಯಾಗೇ ಇದೆ. ಆಟಗಳಲ್ಲಿ ರೆಕಾರ್ಡ್ ಮಾಡಿದ ಮಾತು ಬಂದರೆ ಒಂದಕ್ಷರ ತಿಳಿಯಲ್ಲ, ಜೊತೆಗೆ ಸುಯ್ ಅನ್ನೋ ಸದ್ದು ಬೇರೆ. ಆಂಪ್ಲಿಫೈಯರ್ ಹಾಕಿದ್ರೆ ಸರಿಹೋಗುತ್ತಾ? 4 ಓಮ್ ಕಾರ್ ಸ್ಪೀಕರ್ ಇದೆ, ನೇರ ಕೊಡಬಹುದಾ?

ಬೆಸುಗೆಕಡ್ಡಿ:
ಆಂಪ್ಲಿಫೈಯರ್ ಆಮೇಲೆ ನೋಡೋಣ. ಮೊದಲು ಆ ಪೀಜೋ ತೆಗೀರಿ.

ಈ ಸ್ಪೀಕರ್‌ಗೆ ಹೋಗೋದು ಎರಡೇ ಸ್ಥಿತಿ, ಆನ್ ಇಲ್ಲ ಆಫ್. ಮಾತು ಹೊರಡಿಸೋಕೆ ಪ್ರೋಗ್ರಾಂ ಪಲ್ಸುಗಳ ಅಗಲ ಹೆಚ್ಚುಕಡಿಮೆ ಮಾಡುತ್ತೆ. ಬೋರ್ಡಿನ ಟೈಮರ್ ಚಿಪ್‌ನ 1.193 ಮೆಗಾಹರ್ಟ್ಸನ್ನ 64ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 18,600 ಪಲ್ಸ್. ಕಾಗದದ ಕೋನ್ ಅಷ್ಟು ಬೇಗ ಅಲ್ಲಾಡಲ್ಲ, ಸರಾಸರಿಯನ್ನ ಮಾತ್ರ ಹಿಂಬಾಲಿಸುತ್ತೆ. ಆ ಸರಾಸರಿನೇ ಮಾತು. ಪೀಜೋಗೆ ಈ ಸೋಮಾರಿತನ ಇಲ್ಲ. ಪಲ್ಸನ್ನೂ ಹೊರಗೆ ಬಿಡುತ್ತೆ, ಕೆಳಗಿನ ಸ್ವರ ನುಂಗುತ್ತೆ.

ಬೇಕಾದ್ದು 57 ಮಿಮೀ, 8 ಓಮ್, ಅರ್ಧ ವ್ಯಾಟ್ ಸ್ಪೀಕರ್, ಹಳೇ ಪಾಕೆಟ್ ರೇಡಿಯೋದಲ್ಲಿ ಇರೋ ಥರದ್ದು. ಮೈಸೂರಿನ ಶಿವರಾಂಪೇಟೆ ಅಂಗಡಿಗಳಲ್ಲಿ ವಿಚಾರಿಸಿ. 1935ರಲ್ಲಿ ಗೋಪಾಲಸ್ವಾಮಿಯವರು ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದ ಊರಲ್ಲಿ ಒಂದು ಸ್ಪೀಕರ್ ಸಿಗದೆ ಇರುತ್ತಾ!

4 ಓಮ್ ಬೇಡ. ಓಮ್ ಕಮ್ಮಿಯಾದ್ರೆ ಸದ್ದು ಜಾಸ್ತಿ ಅನ್ನೋದು ಇಲ್ಲಿ ಉಲ್ಟಾ. ಬೋರ್ಡಲ್ಲಿ ಸಾಮಾನ್ಯವಾಗಿ 33 ಓಮ್ ರೆಸಿಸ್ಟರ್ ಸರಣಿಯಲ್ಲಿ ಕೂತಿರುತ್ತೆ. 5 ವೋಲ್ಟಿಗೆ ಲೆಕ್ಕ ಹಾಕಿ: 4 ಓಮ್‌ಗೆ 0.07 ವ್ಯಾಟ್, 8ಕ್ಕೆ 0.12, 16ಕ್ಕೆ 0.17. ಹಾಗಾಗಿ 8 ಓಮಿನವು ಎರಡು ಸಿಕ್ಕರೆ ಸರಣಿಯಲ್ಲಿ ಹಾಕಿ. ಆ 33 ಓಮನ್ನ ಶಾರ್ಟ್ ಮಾಡೋ ಆಸೆ ಮಾತ್ರ ಬೇಡ. 8 ಓಮ್‌ಗೆ 600 ಮಿಲಿಆಂಪ್ ಹರಿಯುತ್ತೆ; ಐಬಿಎಂ ಹಾಕಿದ್ದ 75477 ಡ್ರೈವರ್ (ಸ್ಪೀಕರ್ ಓಡಿಸೋ ಚಿಪ್) ಮಿತಿಯೇ 300. ಕ್ಲೋನಿನ ಪುಟ್ಟ ಟ್ರಾನ್ಸಿಸ್ಟರ್ ಅಷ್ಟೂ ತಡೆಯಲ್ಲ.

ನೇತಾಡೋ ಸ್ಪೀಕರ್‌ನ ಮುಂದಿನ ಅಲೆ, ಹಿಂದಿನ ಅಲೆ ಒಂದನ್ನೊಂದು ತಿಂದುಹಾಕ್ತವೆ. 63 ಮಿಮೀ ಪಿವಿಸಿ ಪೈಪ್ 10 ಸೆಂಮೀ ಕತ್ತರಿಸಿ, ಒಂದು ತುದಿಗೆ ಮುಚ್ಚಳ, ಒಳಗೆ ಸಡಿಲವಾಗಿ ಒಂದು ಹಿಡಿ ಹತ್ತಿ. 57 ಮಿಮೀ ಸ್ಪೀಕರ್ ಬಾಯಿಗೆ ಕೂರುತ್ತೆ. ಅಂಚಿಗೆ, ವೈರ್ ತೂತಿಗೆ ಎಂ-ಸೀಲ್. ಕೋನಿಗೆ ತಾಗಿಸಬೇಡಿ, ಗೊರಗೊರ ಶುರುವಾಗುತ್ತೆ. ಕೊರೆದ ಕಬ್ಬಿಣದ ಪುಡಿ ಇರೋ ಮೇಜಿನ ಮೇಲೂ ಇಡಬೇಡಿ, ಮ್ಯಾಗ್ನೆಟ್ ಎಳ್ಕೊಂಡುಬಿಡುತ್ತೆ.

ಮಂಡ್ಯ_ಹಳೇಬೋರ್ಡ್:
ಇಷ್ಟಾದ ಮೇಲೂ ಸಾಲಲ್ಲ ಅಂದ್ರೆ ಆಂಪ್ಲಿಫೈಯರ್ ಹಾಕಿ. ಆದ್ರೆ ಸ್ಪೀಕರ್‌ನ ಒಂದು ಕಾಲು ಗ್ರೌಂಡ್ ಅಲ್ಲ, +5 ವೋಲ್ಟ್. ಎರಡು ವೈರನ್ನೂ ನೇರ ಆಂಪ್ಲಿಫೈಯರ್‌ಗೆ ಕೊಟ್ರೆ 5 ವೋಲ್ಟ್ ಗ್ರೌಂಡಿಗೆ ಶಾರ್ಟ್. ಸ್ಪೀಕರ್ ಕನೆಕ್ಟರಿನ ಐಬಿಎಂ ಕ್ರಮದಲ್ಲಿ ಪಿನ್ 1 ಸಿಗ್ನಲ್, 2 ಖಾಲಿ, 3 ಗ್ರೌಂಡ್, 4 +5.

ಸ್ಪೀಕರ್ ಹಾಗೇ ಇರಲಿ. ಪಿನ್ 1ರಿಂದ 1ಕೆ (ಕಿಲೋ ಓಮ್) ರೆಸಿಸ್ಟರ್, ಅಲ್ಲಿಂದ ಗ್ರೌಂಡಿಗೆ 22 ನ್ಯಾನೋಫ್ಯಾರಡ್ ಕೆಪಾಸಿಟರ್; ಮುಂದೆ 4.7ಕೆ, ಮತ್ತೆ ಗ್ರೌಂಡಿಗೆ 4.7 ನ್ಯಾನೋ. ಎರಡೂ ಹಂತ ಸುಮಾರು 7 ಕಿಲೋಹರ್ಟ್ಸ್‌ನಲ್ಲಿ ಕತ್ತರಿಸ್ತವೆ, ಆ ಸುಯ್ ಬಹುಪಾಲು ಹೋಗುತ್ತೆ. ಆಮೇಲೆ 1 ಮೈಕ್ರೋಫ್ಯಾರಡ್, ಪ್ಲಸ್ ಕಾಲು ಕಂಪ್ಯೂಟರ್ ಕಡೆಗೆ. ಆಮೇಲೆ 47ಕೆ ವಾಲ್ಯೂಮ್, ಪಿಎಎಂ8403 ಆಂಪ್ಲಿಫೈಯರ್ ಮಾಡ್ಯೂಲ್. ನಿಮ್ಮ ಕಾರ್ ಸ್ಪೀಕರ್ ಇದಕ್ಕೆ ಆಗುತ್ತೆ. ಮಾಡ್ಯೂಲ್‌ನ ಔಟ್‌ಪುಟ್ ಮೈನಸ್ಸನ್ನ ಗ್ರೌಂಡಿಗೆ ಕಟ್ಟಬೇಡಿ, ಐಸಿ ಹೋಗುತ್ತೆ.

ಒಳಗಿನ ಸ್ಪೀಕರ್ ತೆಗೆದ್ರೆ ಆ ಜಾಗಕ್ಕೆ 10 ಓಮ್ ಅರ್ಧ ವ್ಯಾಟ್ ರೆಸಿಸ್ಟರ್ ಹಾಕಿ. ಡ್ರೈವರ್ ಕೆಳಗೆ ಎಳೆಯುತ್ತೆ ಅಷ್ಟೇ, ಮೇಲೆ ಎತ್ತೋರು ಯಾರೂ ಇಲ್ಲದಿದ್ರೆ ಸಿಗ್ನಲ್ಲೇ ಇರಲ್ಲ.

ಕುವೆಂಪುನಗರ_ಎಕ್ಸ್‌ಟಿ:
ಬೋರ್ಡ್ ಮೇಲೆ ಪಿನ್ ನಂಬರ್ ಅಚ್ಚಾಗಿಲ್ಲ. ಯಾವ ಕಡೆಯಿಂದ ಎಣಿಸೋದು?

ಮಂಡ್ಯ_ಹಳೇಬೋರ್ಡ್:
ಎಣಿಸಬೇಡಿ, ಅಳೀರಿ. ಪವರ್ ತೆಗೆದು, ಸ್ಪೀಕರ್ ಬಿಚ್ಚಿ, ಮಲ್ಟಿಮೀಟರ್ ಬೀಪ್ ಮೋಡಲ್ಲಿಡಿ. ಡ್ರೈವ್ ಕನೆಕ್ಟರ್‌ನ ಕೆಂಪು ವೈರಿಗೆ ಕೂಗೋದು +5, ಕಪ್ಪಿಗೆ ಕೂಗೋದು ಗ್ರೌಂಡ್. +5ರ ಎದುರು ತುದಿಯದು ಸಿಗ್ನಲ್.